ಮದ್ದೂರು ಹೋಯ್ತು ಮಾವ!

ಮಾವನವರನ್ನು ಕಾರಲ್ಲಿ ಕೂರಿಸಿಕೊಂಡು ಬೆಂಗಳೂರಿಂದ ಮೈಸೂರಿಗೆ ಹೊರಟಿದ್ದೆ. ಬಿಡದಿ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ಕಣ್ಣು ಬಿಟ್ಟವರೇ ಕೇಳಿದರು, "ಮದ್ದೂರು ಬಂತೇನಪ್ಪಾ?"

"ಹೋಯ್ತು ಮಾವ."

"ಹೋಯ್ತಾ? ಮತ್ತೆ ವಡೆ?"

ಸರ್ಕಾರ ಮತ್ತು ಖಾಸಗಿಯವರು ಪಾಲುದಾರಿಕೆಯಲ್ಲಿ ಮಾಡಿದ ಕೆಲಸ ಹೇಗಿದೆ ಎಂದು ಅಳೆಯಲು ತಜ್ಞರು ದಪ್ಪ ದಪ್ಪ ವರದಿ ಬರೆಯುತ್ತಾರೆ. ನಮ್ಮ ಮಾವ ಎರಡೇ ಪದದಲ್ಲಿ ಮುಗಿಸಿಬಿಟ್ಟರು.

ಈ ವಿಷಯದಲ್ಲಿ ಬೆಂಗಳೂರು–ಮೈಸೂರು ಜೋಡಿಯಷ್ಟು ಪುಣ್ಯವಂತ ಊರುಗಳು ಇನ್ನೆಲ್ಲೂ ಇರಲಿಕ್ಕಿಲ್ಲ. ಒಂದಲ್ಲ, ಎರಡು ಪಾಲುದಾರಿಕೆ ರಸ್ತೆ! ಮೊದಲನೆಯದು ನೈಸ್ ಎಂಬ ಖಾಸಗಿ ಕಂಪನಿಯ ರಸ್ತೆ. 1997ರಲ್ಲಿ ಒಪ್ಪಂದವಾಯಿತು. 111 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ, ದಾರಿಯುದ್ದಕ್ಕೂ ಐದು ಹೊಸ ಟೌನ್‌ಶಿಪ್. ರಸ್ತೆ ಬೆಂಗಳೂರಿನ ಸೊಂಟ ಬಳಸಿಕೊಂಡು ಟೋಲ್ ಎತ್ತುತ್ತಾ ಇದೆ, ಮೈಸೂರಿನ ಕಡೆಗೆ ಮಾತ್ರ ಇನ್ನೂ ಮುಖ ಮಾಡಿದೆ ಅಷ್ಟೇ. ಎರಡನೆಯದು 2023ರ ಮಾರ್ಚ್ 12ರಂದು ಪ್ರಧಾನಿಯವರು ಉದ್ಘಾಟಿಸಿದ ಹೊಸ ಹೆದ್ದಾರಿ. ಮೊದಲನೆಯದು ಊರು ತಲುಪಲಿಲ್ಲ. ಎರಡನೆಯದು ಯಾವ ಊರಲ್ಲೂ ನಿಲ್ಲುವುದಿಲ್ಲ.

ಮೂರು ಗಂಟೆಯ ದಾರಿ 75 ನಿಮಿಷಕ್ಕೆ ಇಳಿಯುತ್ತದೆ ಎಂದಿದ್ದರು. ಸರಿ, ಉಳಿದದ್ದು ಒಂದೂ ಮುಕ್ಕಾಲು ಗಂಟೆ. ಲೆಕ್ಕದಲ್ಲಿ ಇದು ಲಾಭದ ಕಡೆ ಬರುತ್ತದೆ. ಆದರೆ ಆ ಒಂದೂ ಮುಕ್ಕಾಲು ಗಂಟೆ ಮೊದಲು ಎಲ್ಲಿತ್ತು ಗೊತ್ತಾ? ಕಾಲು ಗಂಟೆ ಬಿಡದಿಯ ತಟ್ಟೆ ಇಡ್ಲಿಯಲ್ಲಿತ್ತು. ಅರ್ಧ ಗಂಟೆ ಚನ್ನಪಟ್ಟಣದ ಗೊಂಬೆ ಅಂಗಡಿಯಲ್ಲಿ, ಮಗು ಬುಗುರಿ ಬೇಕು ಎಂದು ಅಳುವುದರಲ್ಲಿತ್ತು. ಮದ್ದೂರಿನಲ್ಲಿ ವಡೆಗೆ, ಎಳನೀರಿಗೆ, ಮಂಡ್ಯದಲ್ಲಿ ಕಬ್ಬಿನ ಹಾಲಿಗೆ, ಬೆಲ್ಲಕ್ಕೆ ಒಂದಿಷ್ಟು ಹಂಚಿಹೋಗಿತ್ತು. ಅದನ್ನೆಲ್ಲ ಒಟ್ಟಿಗೆ ಗುಡಿಸಿ ನಮ್ಮ ಕೈಗೆ ಕೊಟ್ಟರು. ನಾವು ವಾಪಸ್ ಬರುವಾಗ ಕೆಂಗೇರಿ ಟ್ರಾಫಿಕ್ಕಿನಲ್ಲಿ ಬಡ್ಡಿ ಸಮೇತ ಕಳೆದುಕೊಂಡೆವು.

ರಸ್ತೆ ಕಟ್ಟಿದ ಕ್ರಮ ಇನ್ನೂ ಚೆನ್ನಾಗಿದೆ. ಇದಕ್ಕೆ ಹೈಬ್ರಿಡ್ ಆನ್ಯುಟಿ ಎಂದು ಹೆಸರು. ಕಟ್ಟುವಾಗಲೇ ಸರ್ಕಾರ 40 ಪರ್ಸೆಂಟ್ ಕೊಡುತ್ತದೆ. ಉಳಿದ 60 ಪರ್ಸೆಂಟ್ ಗುತ್ತಿಗೆದಾರ ಹೊಂದಿಸಬೇಕು, ಅದನ್ನೂ ಆಮೇಲೆ ವರ್ಷಗಟ್ಟಲೆ ಕಂತಿನಲ್ಲಿ, ಬಡ್ಡಿ ಸೇರಿಸಿ ಸರ್ಕಾರವೇ ತೀರಿಸುತ್ತದೆ. ಟೋಲ್ ದುಡ್ಡು ಹೋಗುವುದು ಹೆದ್ದಾರಿ ಪ್ರಾಧಿಕಾರಕ್ಕೆ. ರಸ್ತೆಯಲ್ಲಿ ಕಾರು ಬಂದರೂ ಸರಿ, ಕಾಗೆ ಹಾರಿದರೂ ಸರಿ, ಕಟ್ಟಿದವರ ಕಂತಿಗೆ ಧಕ್ಕೆ ಇಲ್ಲ.

ಹಾಗಾದರೆ ಜನ ಹೊಸ ರಸ್ತೆ ಹಿಡಿದರೆ ನಷ್ಟ ಯಾರಿಗೆ? ಹಳೇ ರಸ್ತೆಯಲ್ಲಿ ಬಾಣಲೆ ಇಟ್ಟುಕೊಂಡು ಕೂತವನಿಗೆ. ಒಪ್ಪಂದದಲ್ಲಿ ಅವನ ಸಹಿ ಇಲ್ಲ, ನಷ್ಟ ಮಾತ್ರ ಪೂರ್ತಿ ಅವನದೇ. ಅಲ್ಲಾ, ವಡೆಗೂ ಇದೇ ಮಾದರಿ ತಂದರೆ ಹೇಗೆ? ಈರುಳ್ಳಿ ಹೆಚ್ಚುವಾಗಲೇ 40 ಪರ್ಸೆಂಟ್ ಕೊಟ್ಟುಬಿಡಿ. ಮಿಕ್ಕಿದ್ದು ಆರಾರು ತಿಂಗಳಿಗೆ ಕಂತು. ಗಿರಾಕಿ ಬರದಿದ್ದರೂ ವಡೆ "ಲಭ್ಯ" ಇತ್ತಲ್ಲ, ಸಾಕು. ಸೀದು ಹೋದರೆ ಸಮಿತಿ ಮಾಡೋಣ.

ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ಮದ್ದೂರಿಗೆ ಮಾತ್ರ ವಿಶೇಷ ಗೌರವ, ಅಲ್ಲಿ ರಸ್ತೆ ಊರಿನ ತಲೆ ಮೇಲೇ ಹೋಗುತ್ತದೆ. ನೂರು ವರ್ಷದ ಹಿಂದೆ ರೈಲ್ವೆ ಸ್ಟೇಷನ್ನಿನಲ್ಲಿ ಹೆಸರು ಮಾಡಿದ ವಡೆ, ರೈಲು ನಿಲ್ಲುತ್ತಿತ್ತು ಅಂತ ಬದುಕಿತು.

ಹೊಸ ರಸ್ತೆಯಲ್ಲೂ ವಾಹನ ನಿಂತಿದ್ದುಂಟು, ಇಲ್ಲ ಎನ್ನಬಾರದು. ಉದ್ಘಾಟನೆಯಾಗಿ ವಾರ ಕಳೆಯುವ ಮೊದಲೇ ಮಳೆ ಬಂತು. ರಾಮನಗರದ ಹತ್ತಿರ ಅಂಡರ್‌ಪಾಸಿನಲ್ಲಿ ನೀರು ತುಂಬಿಕೊಂಡಿತು. ಪ್ರಯಾಣಿಕರು ರಾಮನಗರವನ್ನು ಅಷ್ಟು ಹೊತ್ತು ನಿಂತು ನೋಡಿದ್ದು ಆವತ್ತೇ ಕೊನೆ ಇರಬೇಕು.

2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಮುಖ್ಯ ರಸ್ತೆ ಬಂದ್. ಸುರಕ್ಷತೆಗೆ ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಕಬ್ಬಿನ ಗದ್ದೆ ಬಿಟ್ಟುಕೊಟ್ಟ ರೈತ ಈಗ ಮಿಕ್ಕ ಕಬ್ಬನ್ನು ಸರ್ವಿಸ್ ರೋಡಿನಲ್ಲಿ ಸಾಗಿಸುತ್ತಾ, ಬೇಲಿಯಾಚೆ ತನ್ನ ಗದ್ದೆ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುವುದನ್ನು ನೋಡಬಹುದು. ಟಿಕೆಟ್ ಇಲ್ಲ, ಸುಮ್ನೆ ನೋಡಬಹುದು.

ಅಷ್ಟರಲ್ಲಿ ಗಣಂಗೂರು ಟೋಲ್ ಬಂತು. ಕಾರು ನಿಂತಿತು. ಮಾವ ಕಿಟಕಿ ಇಳಿಸಿ ಆಚೀಚೆ ನೋಡಿದರು.

"ಇಲ್ಲಾದರೂ ನಿಂತ್ವಲ್ಲ. ಏನಾದ್ರೂ ಸಿಗುತ್ತಾ?"

ಫಾಸ್ಟ್ಯಾಗ್ ಟಿಕ್ ಎಂದಿತು. ಗೇಟು ಎದ್ದಿತು. ಹಿಂದಿನವನು ಹಾರ್ನ್ ಹೊಡೆದ. ಮಾವ ಕಿಟಕಿ ಏರಿಸಿದರು.