ಕಾರ್ಡಿನಲ್ಲಿ ಅವನ ಹೆಸರಿನ ಮುಂದೆ ಏನು ಹಾಕೋದು?

ಭಾನುವಾರದಿಂದ ಮನಸ್ಸಿಗೆ ಸಮಾಧಾನ ಇಲ್ಲ. ಎರಡು ದಿನ ತಡೆದುಕೊಂಡೆ. ಇವತ್ತು ಬರೆದೇ ಬಿಡುತ್ತೇನೆ.

ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಕಾರ್ಯಕ್ರಮದ ವಿಷಯ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿದೆ. ಸನ್ಮಾನ ಯಾರಿಗೆ, ಆಮಂತ್ರಣದ ಕಾರ್ಡಿನಲ್ಲಿ ಯಾರ ಹೆಸರು ಅಂತ ತೀರ್ಮಾನಿಸಲು ಹನ್ನೊಂದು ಜನ ಕೂತಿದ್ದೆವು. ಡಾಕ್ಟರ್ ಹೆಸರು ಬಂತು, ತಹಶೀಲ್ದಾರ್ ಹೆಸರು ಬಂತು, ಅಮೆರಿಕದಲ್ಲಿರುವ ಮೂರು ಜನ ಸಾಫ್ಟ್‌ವೇರ್ ಇಂಜಿನಿಯರ್‌ಗಳ ಹೆಸರು ಬಂತು. ಎಲ್ಲದಕ್ಕೂ ಎಲ್ಲರೂ ಹೂಂ ಅಂದರು. ಆಮೇಲೆ ನಾನು ಒಂದು ಹೆಸರು ಹೇಳಿದೆ. ಅವನೂ ಸಾಫ್ಟ್‌ವೇರ್ ಹುಡುಗನೇ. ನನ್ನ ಹತ್ತಿರವೇ ಗಣಿತ ಕಲಿತವನು. ಬೆಂಗಳೂರಿನಲ್ಲಿ ಏಳು ವರ್ಷ ಕೋಡ್ ಬರೆದು, ಕೆಲಸ ಬಿಟ್ಟು ಗಂಗಾವತಿಗೆ ವಾಪಸ್ ಬಂದ. ಈಗ ನಡೆಸುತ್ತಿರುವುದು ಅವನ ಮೂರನೇ ಕಂಪನಿ.

"ಸರ್, ಎರಡು ಕಂಪನಿ ಮುಚ್ಯಾನ ಅವ. ಕಾರ್ಡಿನ್ಯಾಗ ಅವನ ಹೆಸರಿನ ಮುಂದ ಏನಂತ ಹಾಕೂದು?" ಅಂದರು ಒಬ್ಬರು. ಪಟ್ಟಿ ಬರೆಯುತ್ತಿದ್ದವರು ಆ ಹೆಸರಿನ ಮೇಲೆ ಗೆರೆ ಎಳೆದು ಮುಂದಿನದಕ್ಕೆ ಹೋದರು. ಅರ್ಧ ನಿಮಿಷವೂ ಆಗಲಿಲ್ಲ.

ಎರಡು ಕಂಪನಿ ಮುಚ್ಚಿದ್ದಾನೆ. ಸರಿ. ಯಾಕೆ ಮುಚ್ಚಿದ ಅಂತ ಒಬ್ಬರಾದರೂ ಕೇಳಬೇಕಿತ್ತಲ್ವಾ?

ಮೊದಲನೆಯದು ಭತ್ತ ಕೊಯ್ಯುವ ಮಷೀನ್ ಬುಕ್ ಮಾಡುವ ಆ್ಯಪ್. ಸುಗ್ಗಿಯಲ್ಲಿ ಮಷೀನಿಗಾಗಿ ರೈತರು ಏಜೆಂಟರ ಹಿಂದೆ ಹೇಗೆ ಅಲೆಯುತ್ತಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅವನು ಅದನ್ನು ಸರಿ ಮಾಡಲು ಹೋದ. ಆದರೆ ಗದ್ದೆ ಒಣಗಿದ್ದರೆ ಟೈರ್ ಮಷೀನ್ ಸಾಕು, ಹಸಿ ಇದ್ದರೆ ಚೈನ್ ಮಷೀನೇ ಬೇಕು, ಅದರ ಬಾಡಿಗೆ ಜಾಸ್ತಿ. ಹಿಂದಿನ ರಾತ್ರಿ ಒಂದು ಮಳೆ ಬಿದ್ದರೆ ಮಾಡಿದ ಬುಕಿಂಗ್ ಎಲ್ಲ ಉಲ್ಟಾ. ಮತ್ತೆ ಒಂದೂವರೆ ಎಕರೆಗೆ ಅಂತ ಯಾವ ಮಷೀನೂ ಊರು ದಾಟಿ ಬರಲ್ಲ. ಏಜೆಂಟ್ ಅಕ್ಕಪಕ್ಕದ ಹತ್ತು ಹೊಲ ಕೂಡಿಸಿ ಒಂದೇ ಸಲ ಮಷೀನ್ ಇಳಿಸುತ್ತಾನೆ. ಆ ಕೂಡಿಸುವ ಕೆಲಸ ಆ್ಯಪಿಗೆ ಬರಲಿಲ್ಲ. ಎರಡು ಸುಗ್ಗಿಗೆ ಕೈಯಲ್ಲಿದ್ದ ದುಡ್ಡು ಮುಗಿಯಿತು.

ಎರಡನೆಯದು ಸೋನಾ ಮಸೂರಿಯನ್ನು ಇಲ್ಲಿಂದ ನೇರವಾಗಿ ಬೆಂಗಳೂರಿನ ಮನೆಗಳಿಗೆ ಕಳಿಸುವುದು. ಹೊಸ ಅಕ್ಕಿ ಅನ್ನ ಮುದ್ದೆಯಾಗುತ್ತದೆ, ಎಲ್ಲರಿಗೂ ಬೇಕಾಗುವುದು ಹಳೆ ಅಕ್ಕಿ. ಹಳೆ ಅಕ್ಕಿ ಬೇಕು ಅಂದರೆ ತಿಂಗಳುಗಟ್ಟಲೆ ಗೋದಾಮಿನಲ್ಲಿ ಇಡಬೇಕು, ಅಷ್ಟು ದಿನ ದುಡ್ಡೂ ಅಲ್ಲೇ ಕೂತಿರುತ್ತದೆ. ಅದನ್ನೂ ಹೇಗೋ ತೂಗಿಸುತ್ತಿದ್ದ. 2022ರ ಜುಲೈ 18ರಿಂದ ಲೇಬಲ್ ಹಾಕಿ ಪ್ಯಾಕ್ ಮಾಡಿದ 25 ಕೆಜಿವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಆಮೇಲೆ ಅಂಗಡಿಗಳಲ್ಲಿ 26 ಕೆಜಿ ಚೀಲ ಕಾಣಿಸಿಕೊಂಡಿದ್ದು ನಿಮಗೆ ನೆನಪಿರಬೇಕು. ದೊಡ್ಡ ವ್ಯಾಪಾರಿಗಳು ಹಾಗೆ ದಾಟಿಕೊಂಡರು. ಇವನು ಮಾರುತ್ತಿದ್ದದ್ದು 5 ಕೆಜಿ, 10 ಕೆಜಿ ಚೀಲ. ಎಲ್ಲಿಗೆ ದಾಟುತ್ತಾನೆ? ಲಾಭವೇ ಅಷ್ಟಿತ್ತು, ಅದೂ ಹೋಯಿತು.

ಇದರಲ್ಲಿ ಅವನ ಸೋಮಾರಿತನ ಎಲ್ಲಿದೆ, ಮೋಸ ಎಲ್ಲಿದೆ ತೋರಿಸಿ. ಎರಡೂ ಸಲ ಕೆಲಸಕ್ಕಿದ್ದ ಹುಡುಗರಿಗೆ ಕೊನೆ ತಿಂಗಳ ಸಂಬಳ ಕೊಟ್ಟ ಮೇಲೆಯೇ ಬಾಗಿಲು ಹಾಕಿದ್ದಾನೆ.

ಅಕ್ಕಿ ಮಾರುವಾಗ ದಿನವಿಡೀ ಮಿಲ್‌ಗಳಲ್ಲಿ ಕೂರುತ್ತಿದ್ದನಲ್ಲ, ಮೂರನೇ ಕಂಪನಿ ಹುಟ್ಟಿದ್ದು ಅಲ್ಲೇ. ಮಿಲ್‌ನ ಲೆಕ್ಕದ ಸಾಫ್ಟ್‌ವೇರ್. 75 ಕೆಜಿ ಚೀಲದ ಲೆಕ್ಕದಲ್ಲಿ ಭತ್ತ ಬರುತ್ತದೆ. ತೇವಾಂಶಕ್ಕೆ ಎಷ್ಟು ಕಡಿತ, ಖಾಲಿ ಚೀಲಕ್ಕೆ ಎಷ್ಟು, ಹಮಾಲಿ ಎಷ್ಟು, ಲಾರಿ ಬಾಡಿಗೆ ಎಷ್ಟು. ಮಿಲ್ ಆದ ಮೇಲೆ ಅಕ್ಕಿ ಎಷ್ಟು, ನುಚ್ಚು ಎಷ್ಟು, ತೌಡು ಎಷ್ಟು. ಸರ್ಕಾರಕ್ಕೆ ಮಿಲ್ ಮಾಡಿಕೊಡುವಾಗ ನೂರು ಕೆಜಿ ಭತ್ತಕ್ಕೆ 67 ಕೆಜಿ ಅಕ್ಕಿ ಲೆಕ್ಕ ಒಪ್ಪಿಸಬೇಕು. ಇಷ್ಟೂ ಮೊದಲು ಚೀಟಿಗಳಲ್ಲಿ, ಎರಡು ಮೂರು ನೋಟ್‌ಬುಕ್‌ಗಳಲ್ಲಿ ನಡೆಯುತ್ತಿತ್ತು.

ಒಮ್ಮೆ ಅವನ ಜೊತೆ ಒಂದು ಮಿಲ್‌ಗೆ ಹೋಗಿದ್ದೆ. ಅಲ್ಲಿನ ಗುಮಾಸ್ತರಿಗೆ ಅರವತ್ತು ದಾಟಿದೆ. ಕಿವಿಯಲ್ಲಿ ಪೆನ್ನು, ಅಂಗಿಯ ಜೇಬಿನ ತುಂಬ ಚೀಟಿ. ಮೊಬೈಲ್ ಕೈಗೆ ಕೊಟ್ಟರೆ ದೂರ ಹಿಡಿದು ನೋಡಿ, "ತಮ್ಮಾ, ಇದು ನನಗ ಬರಂಗಿಲ್ಲ ಬಿಡಪಾ" ಅಂದು ವಾಪಸ್ ಕೊಟ್ಟರು. ಇವನು ವಾದ ಮಾಡಲಿಲ್ಲ. ಅವರ ನೋಟ್‌ಬುಕ್ ಇಸಕೊಂಡು ಒಂದೊಂದೇ ಪುಟದ ಫೋಟೊ ತೆಗೆದ. ಮಾರನೇ ದಿನ ಬಂದಾಗ ಸ್ಕ್ರೀನ್ ಅವರ ನೋಟ್‌ಬುಕ್ಕಿನ ಹಾಗೇ ಇತ್ತು. ಅದೇ ಸಾಲು, ಅದೇ ಕ್ರಮ, ದಪ್ಪ ಅಕ್ಷರದಲ್ಲಿ ತೌಡು, ನುಚ್ಚು, ಹೊಟ್ಟು. ಗುಮಾಸ್ತರು ಬೆರಳಿಗೆ ಎಂಜಲು ಹಚ್ಚಿಕೊಂಡು, ಪುಟ ತಿರುವುವ ಹಾಗೆ ಸ್ಕ್ರೀನ್ ಸರಿಸಿದರು. ಹತ್ತು ನಿಮಿಷದಲ್ಲಿ ಒಂದು ಲಾರಿಯ ಲೆಕ್ಕ ಹಾಕಿ ಮುಗಿಸಿದರು. ಅಷ್ಟರಲ್ಲಿ ಕರೆಂಟೂ ಹೋಯಿತು, ನೆಟ್ಟೂ ಹೋಯಿತು. ಬರೆದಿದ್ದು ಮೊಬೈಲಿನಲ್ಲೇ ಉಳಿದಿತ್ತು. ನೆಟ್ ಬಂದಾಗ ತಾನೇ ಹೋಗುತ್ತದೆ ಅಂದ.

ಸುಗ್ಗಿಯಲ್ಲಿ ಹೊಲ ಹೊಲ ಸುತ್ತಿ, ನೆಟ್ ಸಿಗದೆ ಪೇಚಾಡಿದವನಿಗೆ ಮಾತ್ರ ಇದು ಹೊಳೆಯುತ್ತದೆ. ಮುಚ್ಚಿದ ಎರಡು ಕಂಪನಿಗಳೂ ಈ ಮೂರನೆಯದರ ಒಳಗೇ ಇವೆ. ಅದು ನಮ್ಮವರಿಗೆ ಯಾಕೆ ಕಾಣಲ್ಲ?

ಮೀಟಿಂಗಿನಲ್ಲಿ ನಾನು ಇವಾನ್ ವಿಲಿಯಮ್ಸ್ ವಿಷಯ ಹೇಳಲು ಹೋದೆ, ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಇಲ್ಲಿ ಹೇಳುತ್ತೇನೆ. ಅಮೆರಿಕದ ನೆಬ್ರಾಸ್ಕದ ರೈತನ ಮಗ. ಕಾಲೇಜು ಅರ್ಧಕ್ಕೆ ಬಿಟ್ಟು, ಪ್ರೋಗ್ರಾಮಿಂಗ್ ತಾನೇ ಕಲಿತವನು. 1999ರಲ್ಲಿ ಅವನ ಕಂಪನಿ ಬ್ಲಾಗರ್ ಅಂತ ಬ್ಲಾಗ್ ಬರೆಯುವ ತಾಣ ಶುರು ಮಾಡಿತು. 2001ರ ಹೊತ್ತಿಗೆ ಸಂಬಳ ಕೊಡಲು ದುಡ್ಡಿಲ್ಲದೆ ಜೊತೆಯವರೆಲ್ಲ ಬಿಟ್ಟು ಹೋದರು. ಒಬ್ಬನೇ ಕೂತು ನಡೆಸಿದ. 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಆಮೇಲೆ ಒಡಿಯೊ ಅಂತ ಪಾಡ್‌ಕಾಸ್ಟ್ ಕಂಪನಿ. 2005ರಲ್ಲಿ ಆಪಲ್ ತನ್ನ ಐಟ್ಯೂನ್ಸ್‌ನಲ್ಲೇ ಪಾಡ್‌ಕಾಸ್ಟ್ ಕೊಟ್ಟಿತು, ಒಡಿಯೊ ಕಥೆ ಮುಗಿಯಿತು. ಆ ಮುಳುಗುತ್ತಿದ್ದ ಕಂಪನಿಯೊಳಗೇ 2006ರಲ್ಲಿ ಟ್ವಿಟರ್ ಹುಟ್ಟಿದ್ದು. 2012ರಲ್ಲಿ ಮೀಡಿಯಂ ಅಂತ ಲೇಖನ ಬರೆಯುವ ಮತ್ತೊಂದು ತಾಣ ಕಟ್ಟಿದ. ಒಡಿಯೊ ನೋಡಿ ಅವನ ಹೆಸರಿನ ಮೇಲೆ ಗೆರೆ ಎಳೆದಿದ್ದರೆ?

ಅಷ್ಟು ದೂರ ಹೋಗುವುದೂ ಬೇಡ. ಅಲ್ಲಿ ಕೂತಿದ್ದವರಲ್ಲಿ ಆರು ಜನ ರೈತರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಡಿದು ಕೊಚ್ಚಿ ಹೋದಾಗ ಇವರು ಯಾರೂ ನಿದ್ದೆ ಮಾಡಿಲ್ಲ. ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ, ಇಳಿಸುವವರೆಗೆ ಎಲ್ಲರ ಜೀವ ಕೈಯಲ್ಲಿತ್ತು. ನೀರು ಕೈಕೊಟ್ಟ ವರ್ಷ, ರೇಟು ಬಿದ್ದ ವರ್ಷ, ಕೊಯ್ಲಿನ ಹೊತ್ತಿಗೆ ಮಳೆ ಬಂದು ಭತ್ತ ಮಲಗಿದ ವರ್ಷ, ಎಷ್ಟು ನೋಡಿದ್ದಾರೆ. ಆದರೂ ಮತ್ತೆ ಸಸಿಮಡಿ ಹಾಕುತ್ತಾರೆ. ಎರಡು ಬೆಳೆ ಹೋದ ರೈತನಿಗೆ ಮೂರನೇ ಬೆಳೆ ಹಚ್ಚಬೇಡ ಅಂತ ನಮ್ಮ ಕಡೆ ಯಾರಾದರೂ ಹೇಳುತ್ತಾರಾ? ಹಾಗಾದರೆ ಅದೇ ರೈತನ ಮಗ ಮೂರನೇ ಕಂಪನಿ ಹಾಕಿದರೆ ಮಾತ್ರ ಯಾಕೆ ಅವನು ಕೆಟ್ಟವನು?

ಸಾಲ ಮಾಡಿ ಕಂಪನಿ ಹಾಕಿ ಮನೆ ಮುಳುಗಿಸಿದವರೂ ಇದ್ದಾರೆ ಸರ್ ಅಂತ ಒಬ್ಬರು ಅಂದರು. ಇದ್ದಾರೆ. ಇವನ ಹೆಂಡತಿಯ ಬಂಗಾರವೂ ಒಂದು ವರ್ಷ ಬ್ಯಾಂಕಿನಲ್ಲಿತ್ತು, ನನಗೆ ಗೊತ್ತು. ಆದರೆ ಈ ಊರಿನಲ್ಲಿ ಬಂಗಾರ ಇಟ್ಟು ಗೊಬ್ಬರ ತರದ ಮನೆ ಯಾವುದಿದೆ? ಆ ಮಾತು ಇವನಿಗೊಬ್ಬನಿಗೇ ಅಂಟಿಸುವುದು ನ್ಯಾಯ ಅಲ್ಲ.

ಇನ್ನೊಂದು ವಿಷಯ ಹೇಳಬೇಕು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಎರಡನೇ ಕಂಪನಿ ಮುಚ್ಚಿದ ಮೇಲೆ ಅವನು ನಮ್ಮ ಮನೆಗೆ ಬಂದಿದ್ದ. ಲೋನಿಗೆ ಸರ್ಕಾರಿ ನೌಕರರ ಜಾಮೀನು ಕೇಳಿದ್ದರು. "ಸರ್, ನೀವು ಸಹಿ ಮಾಡ್ತೀರಾ?" ಅಂದ. ನಾನು ಈಗಾಗಲೇ ಬೇರೆಯವರಿಗೆ ಜಾಮೀನು ಹಾಕಿದ್ದೇನೆ ಅಂದೆ. ಸುಳ್ಳು. ಯಾರಿಗೂ ಹಾಕಿರಲಿಲ್ಲ. ಅವನು ಚಹಾ ಕುಡಿದು, ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಹೋದ. ಆಮೇಲೆ ಯಾವತ್ತೂ ಆ ಮಾತು ಎತ್ತಲಿಲ್ಲ. ಪಟ್ಟಿಯ ಮೇಲೆ ಆ ಗೆರೆ ಬಿದ್ದಾಗ ನನಗೆ ಮೊದಲು ನೆನಪಾಗಿದ್ದು ಆ ಸಂಜೆ. ಅವತ್ತು ಗೆರೆ ಎಳೆದವನು ನಾನೇ.

ಈಗ ಗೊಬ್ಬರದ ಅಂಗಡಿ ಮೇಲಿನ ಅವನ ರೂಮಿನಲ್ಲಿ ಏಳು ಹುಡುಗ ಹುಡುಗಿಯರು ಕೆಲಸ ಮಾಡುತ್ತಾರೆ. ಇಬ್ಬರು ಕಾರಟಗಿಯವರು, ಒಬ್ಬಳು ಕಿನ್ನಾಳದವಳು. ಬೆಂಗಳೂರಿಗೆ ರಾತ್ರಿ ಬಸ್ ಹತ್ತಬೇಕಿದ್ದ ಮಕ್ಕಳು ಸಂಜೆ ಮನೆಗೆ ಹೋಗಿ ಊಟ ಮಾಡುತ್ತಿದ್ದಾರೆ.

ಸಮಿತಿಯವರಿಗೆ ಇವತ್ತು ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದೇನೆ. ಅವನ ಹೆಸರು ಇಲ್ಲದಿದ್ದರೆ ಸ್ವಾಗತ ಮಾಡುವವರ ಸಾಲಿನಿಂದ ನನ್ನ ಹೆಸರೂ ತೆಗೆಯಿರಿ. ಏನು ಹಾಕೋದು ಅಂತ ಕೇಳಿದ್ದರಲ್ಲ, ಅದನ್ನೂ ಬರೆದು ಕಳಿಸಿದ್ದೇನೆ: "ಅಕ್ಕಿ ಮಿಲ್‌ಗಳಿಗೆ ಕನ್ನಡದಲ್ಲಿ ಸಾಫ್ಟ್‌ವೇರ್ ಮಾಡಿದವರು, ಗಂಗಾವತಿ." ಕಾರ್ಡ್ ಗುರುವಾರ ಪ್ರಿಂಟಿಗೆ ಹೋಗುತ್ತದೆ.