ಮಳೆಯೊಡನೆ ವ್ಯಾಟುಗಳ ಪೈಪೋಟಿ

ಮಲೆನಾಡಿನ ಮನೆಗಳಲ್ಲಿ ಸ್ಪೀಕರುಗಳು ಹೆಚ್ಚಾಗಿ ಸುಟ್ಟುಹೋಗುವುದು ಮಳೆಗಾಲದಲ್ಲೇ ಎಂಬುದು ನನ್ನ ಗುಮಾನಿ. ಶೀಟಿನ ಮಾಡಿನ ಮೇಲೆ ಆಷಾಢದ ಮಳೆ ಹೊಯ್ಯತೊಡಗಿದರೆ ಭಾಗವತರ ಪದ ಕೇಳಿಸುವುದಿಲ್ಲ. ಯಾರಾದರೊಬ್ಬರು ಎದ್ದುಹೋಗಿ ಆಂಪ್ಲಿಫೈಯರಿನ ಗುಂಡಿಯನ್ನು ತುಸು ತಿರುಗಿಸುತ್ತಾರೆ, ಮಳೆ ಇನ್ನಷ್ಟು ಬಿರುಸಾಗುತ್ತದೆ, ಗುಂಡಿಯೂ ಇನ್ನಷ್ಟು ತಿರುಗುತ್ತದೆ. ಮಳೆಗೆ ಮಿತಿಯಿಲ್ಲ, ಆಂಪ್ಲಿಫೈಯರಿಗೆ ಇದೆ. ಕೊಡಬಲ್ಲ ವೋಲ್ಟೇಜು ಮುಗಿದೊಡನೆ ಅದು ಧ್ವನಿತರಂಗದ ನೆತ್ತಿಯನ್ನು ಚಪ್ಪಟೆಯಾಗಿ ಕತ್ತರಿಸಿಬಿಡುತ್ತದೆ. ಬಲ್ಲವರು ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಚಂಡೆಯಲ್ಲಿ ಇದು ಬೇಗ ಗೊತ್ತಾಗುತ್ತದೆ, ಏಕೆಂದರೆ ಅದರ ಪೆಟ್ಟು ಸರಾಸರಿ ಸದ್ದಿಗಿಂತ 10 ಡೆಸಿಬೆಲ್ ಮೇಲೆದ್ದರೂ ಆ ಕ್ಷಣಕ್ಕೆ ಹತ್ತು ಪಟ್ಟು ವ್ಯಾಟು ಬೇಕು. ಅದು ಸಿಗದಿದ್ದಾಗ ಖಣಿಲೆನ್ನಬೇಕಾದ ಪೆಟ್ಟು ಒಡಕಾಗಿ ಕೇಳಿಸುತ್ತದೆ.

ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಗಳಲ್ಲಿ ಕೊಳ್ಳುವವರ ಭಯವೇ ಬೇರೆ. 50 ವ್ಯಾಟಿನ ಸ್ಪೀಕರಿಗೆ 100 ವ್ಯಾಟಿನ ಆಂಪ್ಲಿಫೈಯರ್ ಹಾಕಿದರೆ ಸುಟ್ಟೇಹೋದೀತೆಂದು ಹೆದರಿ, 20 ವ್ಯಾಟಿನದೊಂದನ್ನು ನೆಮ್ಮದಿಯಿಂದ ಮನೆಗೊಯ್ಯುತ್ತಾರೆ. ಭಯದಲ್ಲಿ ಅರ್ಧ ನಿಜವಿದೆ: ದೊಡ್ಡದನ್ನು ಹದ್ದುಮೀರಿ ನಡೆಸಿದರೆ ತಗ್ಗಿನ ಸ್ವರ ನುಡಿಸುವ ವೂಫರಿನ ತಂತಿಸುರುಳಿ ಕಾದು ಅಂಟು ಬಿಡುತ್ತದೆ, ಕೋನು ತನ್ನ ಎಲ್ಲೆ ಮೀರಿ ಜಿಗಿಯುತ್ತದೆ. ಆದರೆ 20 ವ್ಯಾಟಿನದನ್ನು ಕೊನೆಯವರೆಗೆ ತಿರುಗಿಸಿದಾಗ, ಪೂರ್ತಿ ಕತ್ತರಿಸಿದ ಆ ಚೌಕ ತರಂಗ ಹೆಚ್ಚುಕಡಿಮೆ 40 ವ್ಯಾಟಿನಷ್ಟು ಶಕ್ತಿಯನ್ನು ಹೊತ್ತು ಬರುತ್ತದೆ. ಜೊತೆಗೆ ಮೂಲದಲ್ಲಿ ಇಲ್ಲದ ಎತ್ತರದ ಸ್ವರಗಳೂ ಹುಟ್ಟಿ ನೇರವಾಗಿ ಅಂಥ ಸ್ವರಗಳನ್ನೇ ನುಡಿಸುವ ಪುಟ್ಟ ಟ್ವೀಟರಿಗೆ ಹೋಗುತ್ತವೆ. ಪೆಟ್ಟಿಗೆಯ ಮೇಲೆ 50 ಎಂದು ಬರೆದಿದ್ದರೂ ಟ್ವೀಟರಿನ ಕೂದಲೆಳೆಯ ತಂತಿ ತಾಳಬಲ್ಲದ್ದು ಅದರ ಸಣ್ಣ ಪಾಲನ್ನು ಮಾತ್ರ. ಗುಂಡಿ ತಿರುಗಿಸುವ ಕೈ ಹಿಡಿತದಲ್ಲಿರುವ ಮನೆಗೆ ಸ್ಪೀಕರಿನ ಆರ್‌ಎಂಎಸ್ ವ್ಯಾಟಿನ, ಅಂದರೆ ಅದು ಸತತವಾಗಿ ತಾಳಬಲ್ಲ ಶಕ್ತಿಯ, ಒಂದೂವರೆಯಿಂದ ಎರಡು ಪಟ್ಟಿನ ಆಂಪ್ಲಿಫೈಯರ್ ಒಳ್ಳೆಯದೆಂದೇ ನನ್ನ ಪಕ್ಷ. ಕ್ಷಣಮಾತ್ರದ ಗರಿಷ್ಠವೆಂದು ಪೆಟ್ಟಿಗೆಯ ಮೇಲೆ ಬರೆಯುವ ಪಿಎಂಪಿಒ ಎಂಬ ಸಾವಿರಾರು ವ್ಯಾಟಿನ ಅಂಕಿಯನ್ನಂತೂ ಓದಲೇಬಾರದು. 5 ಆಂಪಿಯರಿನ ಪ್ಲಗ್ಗಿನಿಂದ 230 ವೋಲ್ಟಿನಲ್ಲಿ ಒಟ್ಟು ಬರಬಲ್ಲದ್ದೇ 1150 ವ್ಯಾಟು.

ಇಷ್ಟೆಲ್ಲ ವ್ಯಾಟು ಏರಿಸಿ ಸಿಗುವುದಾದರೂ ಎಷ್ಟು? ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಆದ್ದರಿಂದ ಕೊಳ್ಳುವಾಗ ಕೇಳಬೇಕಾದದ್ದು ಸೆನ್ಸಿಟಿವಿಟಿಯನ್ನು, ಅಂದರೆ ಅಷ್ಟೇ ಶಕ್ತಿಗೆ ಸ್ಪೀಕರು ಎಷ್ಟು ಸದ್ದು ಮಾಡುತ್ತದೆಂಬುದನ್ನು. 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರಿಗಿಂತ 90 ಕೊಡುವುದು ಅರ್ಧ ವ್ಯಾಟಿನಲ್ಲೇ ಅಷ್ಟು ಸದ್ದು ಮಾಡುತ್ತದೆ. ಅದೂ ಸಾಲದಿದ್ದರೆ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಳ್ಳಬಹುದು, ಇದಕ್ಕೆ ಖರ್ಚಿಲ್ಲ.

ಜಗಲಿಯಲ್ಲೂ ಕೇಳಲೆಂದು ಅದೇ ತುದಿಗಳಿಗೆ ಇನ್ನೊಂದು ಜೋಡಿ ಸ್ಪೀಕರನ್ನು ಸಿಕ್ಕಿಸುವ ಉತ್ಸಾಹಿಗಳು ಮಾತ್ರ ಮೊದಲು ಆಂಪ್ಲಿಫೈಯರಿನ ಬೆನ್ನನ್ನು ಓದಬೇಕು. ಓಮ್ ಎಂಬುದು ಕರೆಂಟಿಗೆ ಒಡ್ಡುವ ತಡೆಯ ಅಳತೆ; 8 ಓಮಿನ ಎರಡು ಸ್ಪೀಕರು ಸಮಾಂತರವಾಗಿ ಸೇರಿದರೆ 4 ಓಮಾಗಿ ಕರೆಂಟು ಇಮ್ಮಡಿಯಾಗುತ್ತದೆ. ಅಲ್ಲಿ 8ಕ್ಕಿಂತ ಕಡಿಮೆ ಬೇಡವೆಂದು ಅಚ್ಚಾಗಿದ್ದರೆ, ಈ ಸಲ ಬಿಸಿಯೇರುವುದು ಸ್ಪೀಕರಲ್ಲ, ಆಂಪ್ಲಿಫೈಯರೇ.