ಗಟ್ಟಿಗಿತ್ತಿ ಅಂತ ಹೊಗಳುವ ಮುಂಚೆ

ಬೆಳಿಗ್ಗೆ ಆರೂವರೆಗೆ ನಮ್ಮ ಆಸ್ಪತ್ರೆಯ ಪಾರ್ಕಿಂಗ್‌ಗೆ ಒಂದು ಬೂದು ಬಣ್ಣದ ಕಾರು ಬಂದು ನಿಲ್ಲುತ್ತದೆ. ಎಂಜಿನ್ ಆಫ್ ಆಗುತ್ತದೆ. ಬಾಗಿಲು ಮಾತ್ರ ತೆರೆಯುವುದಿಲ್ಲ. ಒಳಗಿರುವವಳು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಹತ್ತು ನಿಮಿಷ ಸುಮ್ನೆ ಕೂತಿರುತ್ತಾಳೆ. ಆಮೇಲೆ ಕನ್ನಡಿ ನೋಡಿಕೊಂಡು, ಮುಖಕ್ಕೆ ಒಂದು ನಗು ತಂದುಕೊಂಡು ಇಳಿಯುತ್ತಾಳೆ. ಫೋನ್ ನೋಡುತ್ತಿರಬೇಕು ಅಂತ ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ.

ಅವಳು ನನ್ನ ಜೊತೆ ಕೆಲಸ ಮಾಡುವ ನರ್ಸ್. ಅಮೆರಿಕದ ಇದೇ ಅಟ್ಲಾಂಟಾದಲ್ಲಿ ಹುಟ್ಟಿ ಬೆಳೆದ ಕಪ್ಪು ಹೆಣ್ಣುಮಗಳು. ನಾನು ಹೊಸದಾಗಿ ಬಂದಾಗ ಹೆದ್ದಾರಿಯಲ್ಲಿ ಕಾರು ಓಡಿಸುವ ಭಯ ಬಿಡಿಸಿದವಳು ಅವಳೇ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಳು.

ಹೋದ ವರ್ಷ ಅವಳ ಹಲ್ಲಿನ ಡಾಕ್ಟರು ದವಡೆ ಹಲ್ಲು ಚಪ್ಪಟೆಯಾಗಿ ಸವೆದಿದೆ ಅಂದರಂತೆ. ರಾತ್ರಿ ನಿದ್ದೆಯಲ್ಲಿ ಕಚ್ಚುತ್ತೀರಿ, ಹಗಲಲ್ಲೂ ಕಚ್ಚುತ್ತೀರಿ, ನಿಮಗೇ ಗೊತ್ತಾಗುತ್ತಿಲ್ಲ ಅಂದರಂತೆ. ನಾವು ಹಲ್ಲು ಕಚ್ಚಿಕೊಂಡು ಸಹಿಸಿದೆ ಅಂತ ಬರೀ ಮಾತಿಗೆ ಹೇಳುತ್ತೇವೆ ಅಲ್ವಾ? ಇವಳು ನಿಜವಾಗಿಯೇ ಕಚ್ಚಿಕೊಂಡು ಬದುಕಿದ್ದಾಳೆ. ಅದೇ ವಾರ ಬಿಡುವಿನಲ್ಲಿ ನಾನೇ ಅವಳ ತೋಳಿಗೆ ಬಿಪಿ ಪಟ್ಟಿ ಕಟ್ಟಿದೆ. 168ಕ್ಕೆ 104. "ಏನಿಲ್ಲ ಬಿಡು, ನಿನ್ನೆ ನಿದ್ದೆ ಆಗಿಲ್ಲ" ಅಂತ ಪಟ್ಟಿ ಬಿಚ್ಚಿ ಎದ್ದು ಹೋದಳು. ಬೇರೆಯವರ ಬಿಪಿ ಇಷ್ಟಿದ್ದರೆ ಇವಳೇ ಡಾಕ್ಟರನ್ನು ಓಡಿಸಿಕೊಂಡು ಕರೆತರುತ್ತಿದ್ದಳು.

ಅವಳ ಒಂದು ದಿನ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಯೂನಿಫಾರ್ಮು, ಬ್ಯಾಡ್ಜು ಎಲ್ಲಾ ಇದ್ದರೂ ರೋಗಿಯೊಬ್ಬರು ಅವಳನ್ನೇ "ನರ್ಸ್ ಯಾವಾಗ ಬರುತ್ತಾರೆ?" ಅಂತ ಕೇಳುತ್ತಾರೆ. ಮೀಟಿಂಗಿನಲ್ಲಿ ನಾನು ದನಿ ಏರಿಸಿದರೆ "ಪಾಪ, ಸುಸ್ತಾಗಿದ್ದಾಳೆ" ಅನ್ನುತ್ತಾರೆ. ಅವಳು ಅದೇ ಮಾತಾಡಿದರೆ "ಸಿಟ್ಟಿನ ಹೆಂಗಸು". ಅದಕ್ಕೇ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಎರಡು ಸಲ ತೊಳೆದು ಆಮೇಲೆ ಆಡುತ್ತಾಳೆ. ಹೊಸ ಜಡೆ ಹಾಕಿಸಿಕೊಂಡು ಬಂದ ದಿನ ಕೇಳದೆಯೇ ಕೈ ಹಾಕಿ ಮುಟ್ಟುವವರಿದ್ದಾರೆ. ಸಂಜೆ ಮಗ ಕಾರು ತೆಗೆದುಕೊಂಡು ಹೋದರೆ ಅವನು ಮನೆ ಸೇರುವವರೆಗೆ ಫೋನ್ ಅವಳ ಅಂಗೈಯಲ್ಲೇ. ಪೊಲೀಸರು ನಿಲ್ಲಿಸಿದರೆ ಕೈ ಎಲ್ಲಿಡಬೇಕು, ಹೇಗೆ ಮಾತಾಡಬೇಕು ಅಂತ ಹದಿನಾರರ ಹುಡುಗನಿಗೆ ಪಾಠ ಮಾಡಿದ್ದಾಳೆ. ನನ್ನ ಮಗನಿಗೆ ನಾನು ಸೀಟ್ ಬೆಲ್ಟ್ ಹಾಕ್ಕೋ ಅಂದಿದ್ದು ಅಷ್ಟೇ.

ಇದರಲ್ಲಿ ಒಂದೊಂದೇ ತೆಗೆದರೆ ಯಾವುದೂ ದೊಡ್ಡದಲ್ಲ. ಯಾರಿಗಾದರೂ ಹೇಳಿದರೆ "ಇಷ್ಟಕ್ಕೇನಾ?" ಅನ್ನುತ್ತಾರೆ. ಹಾಗಾಗಿ ಅವಳು ಹೇಳುವುದೇ ಇಲ್ಲ.

ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕಿ ಆರ್ಲೀನ್ ಜೆರೋನಿಮಸ್ 1992ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಮಳೆ ಗಾಳಿಗೆ ಬಂಡೆ ಸವೆಯುತ್ತದಲ್ಲ, ಆ ಸವೆತದ ಹೆಸರನ್ನೇ ಇಟ್ಟರು: 'ವೆದರಿಂಗ್'. ಬಿಳಿ ತಾಯಂದಿರಲ್ಲಿ ಹದಿಹರೆಯ ದಾಟಿ ಇಪ್ಪತ್ತರಲ್ಲಿ ಹೆತ್ತರೆ ಮಗು ಉಳಿಯುವ ಸಾಧ್ಯತೆ ಜಾಸ್ತಿ. ಕಪ್ಪು ತಾಯಂದಿರಲ್ಲಿ ಅವರು ಕಂಡದ್ದು ಉಲ್ಟಾ. ವಯಸ್ಸು ಏರಿದಂತೆ ದೇಹ ಬಲಿಯುವ ಬದಲು ಬೇಗ ಬೇಗ ಸವೆಯುತ್ತಿತ್ತು. ದಿನದಿನದ ಅವಮಾನ, ಎಚ್ಚರ, ಬಡತನ ಎಲ್ಲಾ ಸೇರಿ ರಕ್ತದೊತ್ತಡಕ್ಕೆ, ಹೃದಯಕ್ಕೆ ಇಳಿಯುತ್ತದೆ ಅನ್ನುವುದು ಅವರ ವಾದ. ಮೊದಮೊದಲು ತುಂಬಾ ಟೀಕೆ ಬಂತು. ನನಗೆ ನಂಬೋಕೆ ಕಷ್ಟ ಆಗಲಿಲ್ಲ. ಸವೆದ ಹಲ್ಲು ಕಣ್ಣ ಮುಂದೆಯೇ ಇತ್ತು.

ಇನ್ನು ಕಪ್ಪು ಹೆಂಗಸರಿಗೆ ಎಲ್ಲರೂ ಕೊಡುವ ಈ 'ಗಟ್ಟಿಗಿತ್ತಿ' ಬಿರುದು. 2010ರಲ್ಲಿ ಶೆರಿಲ್ ವುಡ್ಸ್ ಜಿಸ್ಕೋಂಬೆ ಎಂಬ ಸಂಶೋಧಕಿ ಕಪ್ಪು ಮಹಿಳೆಯರನ್ನು ಗುಂಪುಗುಂಪಾಗಿ ಕೂರಿಸಿ ಮಾತಾಡಿಸಿದರು. ಗಟ್ಟಿ ಇದ್ದಂತೆ ಕಾಣಲೇಬೇಕು, ಅಳು ನುಂಗಬೇಕು, ಯಾರ ಸಹಾಯವನ್ನೂ ಕೇಳಬಾರದು, ಮನೆಯವರೆಲ್ಲರ ನಂತರವೇ ತಾನು: ಇದೇ ಮಾತುಗಳು ಬಂದವು. ಗುಲಾಮಗಿರಿಯ ಕಾಲದಿಂದ ಹೀಗಿದ್ದೇ ಮಕ್ಕಳನ್ನು ಉಳಿಸಿಕೊಂಡರು, ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ನೋವಾಗುತ್ತಿದೆ ಅಂದಾಗಲೂ "ನೀನು ತಡ್ಕೋತೀಯ ಬಿಡು" ಅಂತ ಎದುರಿನವರು ಅಂದುಬಿಟ್ಟರೆ ಆ ಹೊಗಳಿಕೆ ಪ್ರಾಣಕ್ಕೇ ಬರುತ್ತದೆ. 2017ರಲ್ಲಿ ಹೆರಿಗೆಯಾದ ಮಾರನೇ ದಿನ ಸೆರೆನಾ ವಿಲಿಯಮ್ಸ್‌ಗೆ ಉಸಿರು ಸಿಕ್ಕಿಹಾಕಿಕೊಂಡಿತು. ಸಿಟಿ ಸ್ಕ್ಯಾನ್ ಬೇಕು ಅಂತ ಅವರೇ ಹಟ ಹಿಡಿಯಬೇಕಾಯಿತು. ಕೊನೆಗೆ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಷ್ಟು ದೊಡ್ಡ ಆಟಗಾರ್ತಿಯ ಪಾಡೇ ಇದು. 2023ರಲ್ಲಿ ಈ ದೇಶದಲ್ಲಿ ಪ್ರತಿ ಲಕ್ಷ ಜನನಕ್ಕೆ ಬಿಳಿ ತಾಯಂದಿರು 14.5 ಮಂದಿ ಸತ್ತರೆ, ಕಪ್ಪು ತಾಯಂದಿರು 50.3 ಮಂದಿ. ನರ್ಸ್ ಆಗಿ ಈ ಅಂಕಿ ಓದಿದಾಗ ಹೊಟ್ಟೆ ತೊಳೆಸಿದಂತಾಗುತ್ತದೆ.

ನಮ್ಮ ಕನ್ನಡದವರಿಗೂ ಒಂದು ಮಾತು ಹೇಳಲೇಬೇಕು. ಇಲ್ಲಿಗೆ ಬಂದ ಹೊಸದರಲ್ಲಿ ಮನೆ ಹುಡುಕುವಾಗ ನಮ್ಮವರೇ "ಆ ಕಡೆ ಬೇಡ, ಅಲ್ಲಿ ಅವರು ಜಾಸ್ತಿ" ಅಂದರು. ನಾನು ಯಾಕೆ ಅಂತ ಕೇಳಲಿಲ್ಲ, ತಲೆಯಾಡಿಸಿದೆ. ನನ್ನ ಗೆಳತಿ ದಿನಾ ಹೊರುವ ಭಾರದಲ್ಲಿ ಆ ತಲೆಯಾಡಿಸಿದ್ದೂ ಸೇರಿದೆ. ಊರಲ್ಲೂ ಅಷ್ಟೇ. ಯಲ್ಲಾಪುರ, ಹಳಿಯಾಳದ ಕಡೆ ತಲೆಮಾರುಗಳಿಂದ ಬದುಕಿರುವ, ಆಫ್ರಿಕಾ ಮೂಲದ ಸಿದ್ದಿ ಹೆಣ್ಣುಮಕ್ಕಳನ್ನು ನಮ್ಮ ನಾಡಿನಲ್ಲೇ "ಯಾವ ದೇಶ ನಿಮ್ಮದು?" ಅಂತ ಕೇಳುವವರಿದ್ದಾರೆ.

ನನ್ನ ಗೆಳತಿಗೆ ದಾರಿ ಸಿಕ್ಕಿದ್ದು ಅವಳಂಥವರಿಂದಲೇ. ಇದೇ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನಲ್ಲಿ 1983ರಲ್ಲಿ ಬಿಲಿ ಏವರಿ ಎಂಬುವರು ಕಪ್ಪು ಮಹಿಳೆಯರ ಆರೋಗ್ಯದ ಬಗ್ಗೆ ಸಮಾವೇಶ ಕರೆದರು. ನಂತರ ಊರೂರಲ್ಲಿ ಹೆಂಗಸರು ಗುಂಡಾಗಿ ಕೂತು ಒಬ್ಬರಿಗೊಬ್ಬರು ತಮ್ಮ ಬದುಕು ಹೇಳಿಕೊಂಡರು. ಇವಳ ಚರ್ಚಿನ ಐದಾರು ಜನ ಈಗ ಅದನ್ನೇ ಮಾಡುತ್ತಾರೆ, ಶನಿವಾರ ಬೆಳಿಗ್ಗೆ ನಡೆಯುತ್ತಾ. ಜೊತೆಗೆ ಬಿಪಿ ಮಾತ್ರೆ ಶುರುವಾಗಿದೆ. ತನ್ನಂಥದ್ದೇ ಬದುಕು ಕಂಡ ಒಬ್ಬ ಕಪ್ಪು ಥೆರಪಿಸ್ಟ್ ಬಳಿಯೂ ಹೋಗುತ್ತಾಳೆ. ಅಲ್ಲಿ ಏನೂ ವಿವರಿಸಬೇಕಾಗಿಲ್ಲ, ನೇರ ಅಳಬಹುದು ಅಂದಳು. ಥೆರಪಿಸ್ಟ್ ಹೇಳಿಕೊಟ್ಟ ಒಂದು ಅಭ್ಯಾಸ ನನಗೂ ಹತ್ತಿದೆ. ಫೋನ್ ರಿಂಗಾದಾಗ, ಇಮೇಲ್ ತೆರೆದಾಗ, ಹಲ್ಲು ಹಲ್ಲಿಗೆ ತಾಗಿದೆಯಾ, ಹೆಗಲು ಕಿವಿಯ ಹತ್ತಿರ ಏರಿದೆಯಾ ಅಂತ ನೋಡಿಕೊಳ್ಳುವುದು. ತಾಗಿದ್ದರೆ ಬಿಡಿಸುವುದು. ಮೊದಲ ದಿನವೇ ಮಧ್ಯಾಹ್ನದೊಳಗೆ ಹದಿನೇಳು ಸಲ ಎಣಿಸಿದಳಂತೆ.

ಇಪ್ಪತ್ತು ವರ್ಷದಿಂದ ಚರ್ಚಿನ ಭಾನುವಾರದ ಊಟಕ್ಕೆ ಚೀಸ್ ಮ್ಯಾಕರೋನಿ ಅವಳದೇ. ರಾತ್ರಿ ಪಾಳಿ ಮುಗಿಸಿ ಬಂದರೂ ಎರಡು ದೊಡ್ಡ ತಟ್ಟೆ ಒಲೆಯೊಳಗೆ ಇಟ್ಟೇ ಮಲಗುತ್ತಿದ್ದಳು. ಹೋದ ಶನಿವಾರ ನಡೆಯುವಾಗ ನಾನೂ ಜೊತೆಗಿದ್ದೆ. ಫೋನ್ ಬಂತು. ನಿಂತಳು, ದವಡೆ ಸಡಿಲಿಸಿದ್ದು ನನಗೆ ಕಂಡಿತು. "ಈ ವಾರ ನನಗೆ ಆಗಲ್ಲ" ಅಂದಳು. ಆ ಕಡೆಯವರು ಯಾಕೆ ಅಂತ ಕೇಳಿರಬೇಕು. "ಆಗಲ್ಲ ಅಷ್ಟೇ" ಅಂತ ಇನ್ನೊಮ್ಮೆ ಹೇಳಿ ಫೋನ್ ಜೇಬಿಗೆ ಹಾಕಿದಳು. ಕೈ ಸ್ವಲ್ಪ ನಡುಗುತ್ತಿತ್ತು. ನಾವು ಇನ್ನೊಂದು ಸುತ್ತು ನಡೆದೆವು.